ಹೆಸರಿನ ಮೇಲೊಂದು ಗೀಟು

ಭಾಲ್ಕಿಯಲ್ಲಿ ನನ್ನ ಜಾತಿ ಯಾವುದೆಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಎಷ್ಟು ನಿಜವೋ ನನಗೂ ಗೊತ್ತಿಲ್ಲ.

ನನ್ನ ಹೆಸರು ಶೇವಂತಾಬಾಯಿ. ಔರಾದದ ಊರ ಹೊರಗಿನ ಕೇರಿಯ ಕಾಶೀರಾಮನ ಮಗಳು. ನಿಜಾಮರ ಕಾಲದಲ್ಲಿ ಉರ್ದು ಸಾಲೆಯಲ್ಲಿ ಓದಿದೆ. ಹೈದರಾಬಾದಿನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ನರ್ಸಿನ ಕೆಲಸ ಕಲಿತು, ತಿರುಗಿ ಔರಾದದ ಸರ್ಕಾರಿ ದವಾಖಾನೆಗೇ ಬಂದೆ. ಅಲ್ಲಿ ಎಲ್ಲರಿಗೂ ನಾನು ಯಾರೆಂದು ಗೊತ್ತಿತ್ತು. ಸೂಜಿ ಮಾಡಿಸಿಕೊಳ್ಳುತ್ತಿದ್ದರು, ಸೂಜಿಗೆ ಮೈಲಿಗೆ ಇಲ್ಲವಂತೆ. ಹೆರಿಗೆಗೆ ಹಿತ್ತಲ ಬಾಗಿಲಿನಿಂದ ಕರೆಯುತ್ತಿದ್ದರು, ಮಗುವಿನ ಹೊಕ್ಕಳಬಳ್ಳಿ ಕತ್ತರಿಸಿ ನಾನು ಎದ್ದ ಮೇಲೆ ಕೂತಿದ್ದ ಜಾಗಕ್ಕೆ ಸೆಗಣಿ ಸಾರಿಸುತ್ತಿದ್ದರು. ನೀರು ಬೆರೆಸಿದ ಔಷಧ ಮಾತ್ರ ನನ್ನ ಕೈಯಿಂದ ಒಲ್ಲರು. ಅದನ್ನು ಕಂಪೌಂಡರನೇ ಕೊಡಬೇಕು. ಅವನು ರಜೆಗೆ ಹೋದರೆ ಊರಿಗೆ ಔಷಧವೂ ರಜೆ.

ಹೈದರಾಬಾದಿನಲ್ಲಿ ನಮಗೆ ಕೆಲಸ ಕಲಿಸಿದವರು ಇಮಾಮಬೀ ಎಂಬ ಹಿರಿಯ ನರ್ಸು. ವಾಂತಿಭೇದಿಯಾದ ಮಕ್ಕಳಿಗೆ ಅವರು ಅಕ್ಕಿ ಗಂಜಿಯ ತಿಳಿಗೆ ಉಪ್ಪು, ಬೆಲ್ಲ ಹಾಕಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ಉಪ್ಪು ಹಾಕುವಾಗ ನಮ್ಮ ಕೈ ಹಿಡಿದು, "ಆಂಸೂ ಸೆ ಜಾಸ್ತಿ ಖಾರಾ ನಕ್ಕೋ" ಎನ್ನುತ್ತಿದ್ದರು. ಕಣ್ಣೀರಿಗಿಂತ ಹೆಚ್ಚು ಉಪ್ಪಾಗುವುದು ಬೇಡ ಎಂದು ಅರ್ಥ. ರುಚಿ ನೋಡಿ ಹೇಳಿ ಎಂದರೆ ನಾವು ಹುಡುಗಿಯರು ನಗುತ್ತಿದ್ದೆವು. ಕಣ್ಣೀರಿನ ರುಚಿ ಯಾರಿಗೆ ಗೊತ್ತಿಲ್ಲ?

ಔರಾದದ ದೊಡ್ಡ ಮನೆಯೊಂದರಲ್ಲಿ ಎರಡು ವರ್ಷದ ಕೂಸು ಭೇದಿಯಾಗಿ ಬತ್ತಿಹೋಗಿತ್ತು. ಕಂಪೌಂಡರನು ಊರಲ್ಲಿರಲಿಲ್ಲ. ಗಂಜಿ ಮಾಡಿಕೊಂಡು ಹೋದೆ. ನಿನ್ನ ಕೈ ನೀರು ಬೇಡ ಎಂದರು. ಆಗಲಿ, ನೀವೇ ಮಾಡಿ ಕುಡಿಸಿ, ಹೀಗೆ ಹೀಗೆ ಮಾಡಬೇಕು ಎಂದೆ. ಆ ಮನೆಯ ಅಜ್ಜಿ, "ಕೇರ್ಯಾಗಿನಾಕಿ ಮಾತ ಕೇಳಿ ಕೂಸಿಗಿ ಗಂಜಿ ಹೊಯ್ಯಬೇಕೇನ? ಸೂಜಿ ಇದ್ರ ಮಾಡು, ಇಲ್ಲಂದ್ರ ನಡಿ" ಎಂದಳು. ಸೂಜಿಯಿಂದ ಆಗುವ ಕೆಲಸವಲ್ಲ ಅದು. ಮರುದಿನ ಮಧ್ಯಾಹ್ನ ಕೂಸು ಹೋಯಿತು. ಆವತ್ತು ನಾನು ಅಳಲಿಲ್ಲ, ಸಿಟ್ಟಿನಿಂದ ಪಾತ್ರೆಯನ್ನು ದವಾಖಾನೆಯ ಗೋಡೆಗೆ ಎಸೆದೆ. ಒಂದಲ್ಲ ಒಂದು ದಿನ ಇಂಥ ಮನೆಯ ಮಕ್ಕಳೂ ನನ್ನ ಕೈಯಿಂದ ಕುಡಿಯಬೇಕು ಎಂದು ಹಟ ಹುಟ್ಟಿದ್ದು ಆಗ.

ಐವತ್ತಾರರ ನವೆಂಬರಿನಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಉರ್ದುವಿನಲ್ಲಿದ್ದ ನಮ್ಮ ಹೆಸರುಗಳನ್ನೆಲ್ಲ ಕನ್ನಡಕ್ಕೆ ಇಳಿಸಿಕೊಂಡರು. ಶಿವರಾತ್ರಿಯ ಹೊತ್ತಿಗೆ ನನಗೆ ಭಾಲ್ಕಿಗೆ ವರ್ಗವಾಯಿತು. ಹುಕುಂ ಕನ್ನಡದಲ್ಲಿತ್ತು. ಕನ್ನಡ ನನ್ನ ಬಾಯಲ್ಲಿತ್ತೇ ಹೊರತು ಅದರ ಅಕ್ಷರ ನನಗೆ ಬರುತ್ತಿರಲಿಲ್ಲ. ಭಾಲ್ಕಿ ಎಂದು ಯಾರೋ ಓದಿ ಹೇಳಿದರು. ಅಷ್ಟು ಸಾಕೆಂದು ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತಿದೆ.

ಭಾಲ್ಕಿಯಲ್ಲಿ ನನಗೆ ಗೊತ್ತುಮಾಡಿದ್ದ ಕೋಣೆ ಧಾನ್ಯದ ವ್ಯಾಪಾರಿ ಶಿವರಾಜಪ್ಪನವರ ಮನೆಯದು. ಅವರ ಹೆಂಡತಿ ಸುಂದರಬಾಯಿ ಬಾಗಿಲಿಗೇ ಬಂದರು.

"ಬರ್ರಿ ಶಿವಕಾಂತಾಬಾಯಿ, ಬರ್ರಿ. ನಮ್ಮೋರೇ ಒಬ್ರು ನರ್ಸ್‌ಬಾಯಿ ಬರ್ಲಿಕತ್ತಾರ ಅಂತ ಕೇಳಿ ಎಷ್ಟ ಆನಂದ ಆತು ಅಂತೀನಿ. ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ."

"ನನ್ನ ಹೆಸರ ಅದಲ್ರಿ..." ಎಂದೆ.

"ಕುಡದು ಮಾತಾಡ್ರಿ" ಎಂದು ಹಿತ್ತಾಳೆಯ ಲೋಟ ಕೈಗಿಟ್ಟರು. ಕೈಗೆ! ಮೇಲಿಂದ ಸುರಿಯಲಿಲ್ಲ, ನೆಲದ ಮೇಲೆ ಇಟ್ಟು ಸರಿಯಲಿಲ್ಲ. ಅವರ ಬೆರಳು ನನ್ನ ಬೆರಳಿಗೆ ತಾಗಿತು. ಆಮೇಲೆ ಅಡುಗೆಮನೆಗೆ ಕರೆದು ಒಲೆಯ ಪಕ್ಕದಲ್ಲಿ ಮಣೆ ಹಾಕಿ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟರು. ನನಗಾಗ ಮೂವತ್ತಾರು ವರ್ಷ. ಊರೊಳಗಿನ ಮನೆಯ ಅಡುಗೆಕೋಣೆ ಒಳಗಿನಿಂದ ಹೇಗಿರುತ್ತದೆ ಎಂದು ಕಂಡದ್ದು ಅದೇ ಮೊದಲು. ಬಹಳ ಖುಷಿಯಾಯಿತು. ಇವತ್ತೊಂದು ದಿನ ಇರಲಿ, ನಾಳೆ ಹೇಳೋಣ ಎಂದುಕೊಂಡು ಎರಡನೆಯ ರೊಟ್ಟಿಗೆ ಕೈ ಚಾಚಿದೆ.

ನಾಳೆ ಬಂತು, ಹೋಯಿತು. ಮೂರನೆಯ ದಿನ ಸುಂದರಬಾಯಿ ನನ್ನ ಬರಿಗೊರಳು ನೋಡಿದರು. "ಲಿಂಗ ಕಟ್ಟಿಲ್ಲಲ್ರಿ?" ಎಂದವರು ನಾನು ಬಾಯಿ ತೆರೆಯುವ ಮೊದಲೇ ತಾವೇ ಉತ್ತರ ಹುಡುಕಿದರು: "ಹೌದ ಬಿಡ್ರಿ, ರಕ್ತದಾಗಿನ ಕೆಲಸ. ತಗದ ಪೆಟ್ಟಿಗ್ಯಾಗ ಇಟ್ಟೀರಿ, ಪಾಪ." ಅಪ್ಪನ ಹೆಸರು ಕೇಳಿದರು, ಕಾಶೀರಾಮ ಎಂದೆ. ಔರಾದದ ಕಡೆ ಮರಾಠಿ ಹೆಸರಿಡುವ ರೂಢಿ ಇದ್ದೀತು ಎಂದು ಅದಕ್ಕೂ ಅವರೇ ಸಮಾಧಾನ ಹೇಳಿಕೊಂಡರು. ನಾನು ಒಂದೂ ಸುಳ್ಳು ಆಡಬೇಕಾಗಿ ಬರಲಿಲ್ಲ. ಬೇಕಾದ ಸುಳ್ಳನ್ನೆಲ್ಲ ಆ ಒಳ್ಳೆಯ ಹೆಂಗಸೇ ಕಟ್ಟಿ ಕಟ್ಟಿ ನನ್ನ ಸುತ್ತ ಗೋಡೆ ಎಬ್ಬಿಸಿದರು.

ಶಿವರಾಜಪ್ಪನವರು ಬಸವಣ್ಣನ ಭಕ್ತರು. ಸಂಜೆ ಕಟ್ಟೆಯ ಮೇಲೆ ಕೂತು, "ಬಸವಣ್ಣ ಮನಷಾರಾಗ ಮ್ಯಾಲ ಕೆಳಗ ಅಂತ ಮಾಡ್ಲೇ ಇಲ್ರಿ" ಎಂದು ಮನಸ್ಸು ತುಂಬಿ ಹೇಳುತ್ತಿದ್ದರು. ಹೇಳುವಾಗ ಅವರ ಕಣ್ಣು ತೇವವಾಗುತ್ತಿತ್ತು. ಆ ತೇವ ಸುಳ್ಳಿನದಲ್ಲ. ಆದರೂ ಅವರ ಅಂಗಡಿಗೆ ಕೇರಿಯವರು ಬಂದರೆ ಕೈಚೀಲ ನೆಲಕ್ಕಿಟ್ಟು ದೂರ ನಿಲ್ಲುತ್ತಿದ್ದರು. ಎರಡನ್ನೂ ನಾನು ಒಂದೇ ಕಟ್ಟೆಯಿಂದ ನೋಡಿದ್ದೇನೆ.

ಭಾಲ್ಕಿಯ ದವಾಖಾನೆಗೆ ಡಾಕ್ಟರರು ವಾರಕ್ಕೊಮ್ಮೆ ಬೀದರದಿಂದ ಬರುತ್ತಿದ್ದರು. ಉಳಿದ ಆರು ದಿನ ಡಾಕ್ಟರೂ ನಾನೇ, ದಾಯಿಯೂ ನಾನೇ. ಬಿಸಿಲು ಏರಿದಂತೆ ಊರಲ್ಲಿ ವಾಂತಿಭೇದಿ ಶುರುವಾಯಿತು. ನಾನು ದವಾಖಾನೆಯಲ್ಲಿ ಗಂಜಿ ಕಾಸಿ, ದೊಡ್ಡ ತಂಬಿಗೆಯಲ್ಲಿ ಹೊತ್ತು ಮನೆಮನೆಗೆ ಹೋದೆ. ಎಲ್ಲರೂ ಕುಡಿಸಿದರು. ಶಿವಕಾಂತಾಬಾಯಿಯ ಕೈಗುಣ ಎಂದರು. ಮಕ್ಕಳು ಎದ್ದು ಕೂತವು. ಸುಂದರಬಾಯಿಯ ಒಂದೂವರೆ ವರ್ಷದ ಮೊಮ್ಮಗಳು ನೀಲಾ ನನ್ನ ತೊಡೆಯ ಮೇಲೆ ಮಲಗಿ ಚಮಚ ಚಮಚ ಕುಡಿಯುವಾಗ ಔರಾದದ ಕೂಸು ನೆನಪಾಗುತ್ತಿತ್ತು.

ಒಂದು ಮಾತನ್ನು ಇಲ್ಲೇ ಬರೆದುಬಿಡುತ್ತೇನೆ. ಆ ಗಂಜಿ ಮಾಡುವುದನ್ನು ನಾನು ಯಾವ ತಾಯಿಗೂ ಕಲಿಸಲಿಲ್ಲ. ಆಗ ಕಲಿಸಿದ್ದರೆ ಕೇಳುತ್ತಿದ್ದರು. ಅವರು ನನ್ನ ಕೈಯಿಂದಲೇ ಕುಡಿಯುವುದು ನನಗೆ ಬೇಕಾಗಿತ್ತು.

ಕೇರಿಗೂ ಹೋದೆ. ನನ್ನ ಜನ, ನನ್ನ ಮಾತು, ಅಲ್ಲಿ ಹೇಳಬೇಕಾದ್ದೇನಿದೆ ಎಂದು ಉಬ್ಬಿಕೊಂಡು ಹೋದೆ. ನನ್ನನ್ನು ಕಂಡಕೂಡಲೇ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹಿಂದೆ ಸರಿದರು. "ದೂರ ನಿಂದರ್ರಿ ಬಾಯಿ, ನಿಮಗ ಮುಟ್ಟಸಬಾರ್ದು" ಎಂದಳು ಅಲ್ಲಿಯ ಮುದಿ ದಾಯಿ ಶಾಲುಬಾಯಿ. ಹಿಂದೆ ಯಾರದೋ ಎಮ್ಮೆ ಹಿಡಿಯಲು ಹೋಗಿ ಊರ ಹೆಂಗಸೊಬ್ಬಳನ್ನು ಮುಟ್ಟಿದ್ದಕ್ಕೆ ಆ ಕೇರಿಯ ಒಬ್ಬನಿಗೆ ಪೆಟ್ಟು ಬಿದ್ದಿತ್ತಂತೆ. ಔರಾದದಲ್ಲಿ ಊರು ನನ್ನ ಕೈ ನೀರು ಕುಡಿಯಲಿಲ್ಲ, ಭಾಲ್ಕಿಯಲ್ಲಿ ಕೇರಿ ನನಗೆ ನಾಡಿ ಕೊಡಲಿಲ್ಲ. ಎತ್ತ ತಿರುಗಿದರೂ ಒಂದು ಬಾಗಿಲು ಹಾಕಿಕೊಳ್ಳುತ್ತಿತ್ತು.

ಅಲ್ಲಿಯೇ ಅನುಸೂಯಾಬಾಯಿಯನ್ನು ಕಂಡೆ. ಏಳು ದಾಟಿ ಎಂಟನೆಯ ತಿಂಗಳು. ಹತ್ತು ಹೆಜ್ಜೆ ದೂರದಿಂದಲೇ ಅವಳ ಕಾಲು, ಮುಖ ಬಾತಿರುವುದು ಕಾಣುತ್ತಿತ್ತು. ತಲೆ ಸಿಡಿಯುತ್ತದೆ, ಕಣ್ಣು ಮಬ್ಬಾಗುತ್ತದೆ ಎಂದಳು. ಈ ಲಕ್ಷಣ ನನಗೆ ಗೊತ್ತು. ಹೆರಿಗೆಯ ಹೊತ್ತಿಗೆ ಸೆಳವು ಬಂದು ತಾಯಿ, ಮಗು ಎರಡೂ ಹೋಗುತ್ತವೆ. ರಕ್ತದ ಒತ್ತಡ ನೋಡಬೇಕು, ತೋಳಿಗೆ ಪಟ್ಟಿ ಸುತ್ತುತ್ತೇನೆ ಎಂದೆ. ಅವಳ ಗಂಡ ಮಚ್ಛೇಂದ್ರ ನಡುವೆ ಬಂದ. ಆ ವರ್ಷ ಕೇರಿಯ ಕೆಲವು ಮನೆಗಳು ದೇವರ ಜಗುಲಿ ತೆಗೆದು ಬುದ್ಧನ ಪಟ ಇಟ್ಟಿದ್ದವು. ಅವನದೂ ಅಂಥ ಮನೆ. ನೆಟ್ಟಗೆ ನಿಂತು ಮಾತಾಡುವ ಮನುಷ್ಯ.

"ನೀವು ಒಳ್ಳೇರೇ ಇರಬೇಕು, ಇಲ್ಲ ಅನ್ನಂಗಿಲ್ರಿ. ಖರೇ ನೀವು ಮುಟ್ಟಿ ನಾಳಿ ಏನಾರ ಆತಂದ್ರ ಊರ ಬರೋದು ನಮ್ಮ ಮ್ಯಾಲ. ಬ್ಯಾಡ್ರಿ."

ಹೆಸರು ಹೇಳಿದ್ದರೆ ಆಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆಗ ಊರೊಳಗೆ ಹನ್ನೊಂದು ಮಕ್ಕಳು ನನ್ನ ಗಂಜಿಯ ಮೇಲೆ ಇದ್ದವು. ಇಲ್ಲಿ ಹೇಳಿದ ಮಾತು ಸಂಜೆಯೊಳಗೆ ಅಲ್ಲಿ ಮುಟ್ಟುತ್ತದೆ, ಹನ್ನೊಂದು ತಂಬಿಗೆಗಳು ಚರಂಡಿಗೆ ಹೋಗುತ್ತವೆ. ಒಂದು ಕಡೆ ಹನ್ನೊಂದು, ಒಂದು ಕಡೆ ಎರಡು ಎಂದು ಲೆಕ್ಕ ಹಾಕಿದೆ. ಉಪ್ಪು ಕಡಿಮೆ ತಿನ್ನು, ಎಡಮಗ್ಗುಲಿಗೆ ಮಲಗು ಎಂದು ದೂರದಿಂದಲೇ ಹೇಳಿ ಹಿಂದಿರುಗಿದೆ. ದಾರಿಯುದ್ದಕ್ಕೂ ಆ ಲೆಕ್ಕ ಸರಿ ಎನ್ನಿಸುತ್ತಿತ್ತು. ಮನೆಗೆ ಬಂದು ಒಲೆಯ ಪಕ್ಕ ಮಣೆಯ ಮೇಲೆ ಕೂತಾಗ ಹನ್ನೊಂದರ ಜೊತೆಗೆ ಆ ಮಣೆಯನ್ನೂ ತಕ್ಕಡಿಗೆ ಹಾಕಿದ್ದೆ ಎಂದು ತಿಳಿಯಿತು. ನಾಚಿಕೆಯಾಯಿತು. ಆದರೂ ಊಟ ಮಾಡಿದೆ.

ಮರುದಿನ ಬೀದರಕ್ಕೆ ಹೋದೆ. ಹೆಸರನ್ನು ಸರ್ಕಾರವೇ ತಿದ್ದಿದರೆ ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ ಎಂಬ ಹೇಡಿ ಆಸೆ. ಕಚೇರಿಯಲ್ಲಿ ಫಕ್ರೋದ್ದೀನ ಎಂಬ ಹಳೆಯ ಗುಮಾಸ್ತರು ನನ್ನ ಉರ್ದು ಕಾಗದದ ನಕಲು ತೆಗೆದು ನೋಡಿ ತಲೆ ಚಚ್ಚಿಕೊಂಡರು. ಉರ್ದುವಿನಲ್ಲಿ ‘ಶೇವಂತಾ’ ಎಂದು ಬರೆದಿದ್ದರ ಮೇಲೆ ಯಾರದೋ ಲೇಖನಿ ಜಾರಿ ಒಂದು ಓರೆ ಗೀಟು ಬಿದ್ದಿತ್ತು. ಆ ಗೀಟು ಬಿದ್ದರೆ ನಡುವೆ ‘ಕ’ ಸೇರುತ್ತದೆ. ಅವಸರದಲ್ಲಿ ಓದುವವನಿಗೆ ಅದು ಶಿವಕಾಂತಾ.

"ತಿದ್ದಿಕೊಡ್ರಿ ಸಾಬ್ರೇ" ಎಂದೆ.

"ಹ್ಯಾಂಗ ತಿದ್ಲಿ ಬಾಯಿ? ಅಸಲಿ ಕಾಗದ ಹೈದರಾಬಾದದಾಗ ಅವ. ಹೈದರಾಬಾದ ಈಗ ಬ್ಯಾರೆ ರಾಜ್ಯ. ಅಲ್ಲಿಂದ ಬೆಂಗಳೂರಿಗಿ ಹೋಗಬೇಕು, ಬೆಂಗಳೂರಿಂದ ಇಲ್ಲಿ ಬರಬೇಕು. ಅಲ್ಲೀತನಾ ಶೇವಂತಾ ಅಂಬಾಕಿ ಮೈಸೂರು ರಾಜ್ಯದಾಗ ಇಲ್ಲೇ ಇಲ್ರಿ." ಅವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಗೀಟ ಹಾಕಲಿಕ್ಕ ಒಂದು ಕೈ ಸಾಕು. ತಗೀಲಿಕ್ಕ ಎರಡು ಸರ್ಕಾರ ಬೇಕು. ಛಲೋ ಹೆಸರ ಬಂದದ, ಇಟಗೋರಿ."

ಮನೆಗೆ ಬಂದರೆ ಸುಂದರಬಾಯಿ ನಗುನಗುತ್ತಾ ಕಾದಿದ್ದರು. ಎರಡು ವಾರ ಬಿಟ್ಟು ಬರುವ ಸೋಮವಾರ ಜಂಗಮರಾದ ಅಯ್ಯನವರನ್ನು ಕರೆಸುತ್ತಾರಂತೆ. ನನಗೆ ಹೊಸದಾಗಿ ಲಿಂಗ ಕಟ್ಟಿಸುತ್ತಾರಂತೆ. "ಬರಿಗೊರಳ ನೋಡಲಾರೆ ನಾ. ನನ್ನ ತಂಗಿ ಹಾಂಗ ಇದ್ದೀರಿ" ಎಂದು ನನ್ನ ಗಲ್ಲ ಸವರಿದರು. ಪ್ರೀತಿಯೇ ಹಗ್ಗವಾಗಿ ಕೊರಳಿಗೆ ಬರುವುದನ್ನು ನೋಡುತ್ತಾ ಹೂಂ ಎಂದೆ.

ಆ ಸೋಮವಾರ ಬೆಳಗ್ಗೆ ಮನೆಯಲ್ಲಿ ಹೋಳಿಗೆಯ ಹೂರಣದ ವಾಸನೆ ತುಂಬಿತ್ತು. ನೀಲಾಗೆ ಮತ್ತೆ ಭೇದಿ ಶುರುವಾಗಿ, ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಗಂಜಿ ಕುಡಿಸುತ್ತಿದ್ದೆ. ಬೀದಿಯಿಂದ ಶಾಲುಬಾಯಿಯ ಕೂಗು ಕೇಳಿಸಿತು. ಮೆಟ್ಟಿಲ ಹತ್ತಿರವೂ ಬರದೆ ನಡುಬೀದಿಯಲ್ಲಿ ನಿಂತು ಕೂಗುತ್ತಿದ್ದಳು.

"ಬಾಯೀ! ಅನುಸೂಯಾಗ ಬ್ಯಾನಿ ಹತ್ಯಾವ್ರಿ! ಮೈ ಸೆಟದು ಕಣ್ಣ ಮ್ಯಾಲ ಹೋಗ್ಯಾವ! ಒಂದ ಸೂಜಿ ಇದ್ರ ಕೊಟ್ಟ ಕಳಸ್ರಿ!"

ಸೂಜಿ ಕೊಟ್ಟು ಕಳಿಸಬೇಕಂತೆ. ಎದ್ದೆ. "ಈಗ ಎಲ್ಲಿಗಿ? ಅಯ್ಯನೋರು ಬರ್ತಾರ" ಎಂದರು ಸುಂದರಬಾಯಿ. ಮಗುವನ್ನು ಅವರ ಕೈಗಿಟ್ಟು, ಸೂಜಿಯ ಡಬ್ಬಿ ಹಿಡಿದು ಓಡಿದೆ. ಹೆರಿಗೆಯ ಚೀಲ ಮೊಳೆಯ ಮೇಲೆಯೇ ಉಳಿಯಿತು.

ಮಚ್ಛೇಂದ್ರ ಬಾಗಿಲಿಗೆ ಅಡ್ಡ ನಿಂತಿದ್ದ. "ಶಾಲುಬಾಯಿ ಕೈಯಾಗ ಕೊಡ್ರಿ. ನೀವ ಒಳಗ ಬರಬ್ಯಾಡ್ರಿ."

"ನಾ ಔರಾದ ಕೇರಿ ಕಾಶೀರಾಮನ ಮಗಳ ಇದ್ದೀನಿ. ಶೇವಂತಾ ನನ್ನ ಹೆಸರ. ನಿಮ್ಮಾಕಿನೇ. ದಾರಿ ಬಿಡು" ಎಂದೆ.

ಅವನು ನಂಬಲಿಲ್ಲ. ದೇವರಾಣೆಗೂ ನಂಬಲಿಲ್ಲ! "ನಮ್ಮ ಸಲುವಾಗಿ ಸುಳ್ಳ ಹೇಳಬ್ಯಾಡ್ರಿ ಬಾಯಿ. ಇಡೀ ಊರಿಗೇ ಗೊತ್ತದ ನೀವ ಯಾರಂತ" ಎಂದ. ಕಾಗದದ ಸುಳ್ಳು ಊರೆಲ್ಲ ಸುತ್ತಿ ಬಂದಿತ್ತು, ನನ್ನ ಬಾಯಿಯ ನಿಜ ಒಂದು ಹೊಸ್ತಿಲು ದಾಟಲಿಲ್ಲ. ಒಳಗೆ ಅನುಸೂಯಾಳ ಹಲ್ಲು ಕಟಕಟ ಎನ್ನುವುದು ಕೇಳಿಸುತ್ತಿತ್ತು. ಆಣೆ ಇಟ್ಟೆ, ಬೈದೆ, ಅಪ್ಪನ ಮನೆಯ ಗುರುತು ಹೇಳಿದೆ. ಓಡಿಬಂದ ದಣಿವಿಗೆ, ಕೂಗಿ ಕೂಗಿ ಗಂಟಲು ಒಣಗಿತು.

"ನೀರ..." ಎಂದೆ ಶಾಲುಬಾಯಿಗೆ.

ಅವಳು ತಂಬಿಗೆ ಎತ್ತಿದಳು. ನಾನು ಯೋಚಿಸಿ ಮಾಡಿದ್ದಲ್ಲ. ಕುಕ್ಕರಗಾಲಲ್ಲಿ ಕೂತು, ಬೆನ್ನು ಬಗ್ಗಿಸಿ, ಮೊಣಕೈ ಹೊಟ್ಟೆಗೆ ಒತ್ತಿ, ಎರಡೂ ಕೈ ಬೊಗಸೆ ಮಾಡಿ ಬಾಯಿಗಿಟ್ಟೆ, ಮೇಲಿಂದ ಸುರಿಯುವ ನೀರಿಗೆ. ಸಣ್ಣವಳಿದ್ದಾಗ ಔರಾದದ ಬಾವಿಕಟ್ಟೆಯ ಕೆಳಗೆ, ಸಾಲೆಯಲ್ಲಿ, ಸಂತೆಯಲ್ಲಿ ಹಾಗೆಯೇ ಕುಡಿದದ್ದು. ಸೀರೆ ನೆನೆಯಬಾರದು, ಸುರಿಯುವವರ ಪಾತ್ರೆಗೆ ಒಂದು ಹನಿಯೂ ಸಿಡಿಯಬಾರದು. ಊರೊಳಗಿನವರು ಎಷ್ಟು ದೊಡ್ಡ ಮನಸ್ಸಿನವರಾದರೂ ಆ ಬಗ್ಗುವುದನ್ನು ದೊಡ್ಡವರಾದ ಮೇಲೆ ಕಲಿಯಲಾರರು.

ಶಾಲುಬಾಯಿ ನೀರು ಸುರಿಯುವುದನ್ನು ಬಿಟ್ಟು ತಿರುಗಿದಳು. "ಮಚ್ಛೇಂದ್ರಾ, ಈಕಿ ನಮ್ಮಾಕಿನೇ ಹೌದೋ" ಎಂದಳು.

ಅವನು ಬಂದು ನನ್ನ ಮುಂದೆ ಕೂತ. ತಂಬಿಗೆಯನ್ನು ಅವಳ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟ. "ಏಳ್ರಿ ಅಕ್ಕಾ. ಈ ಮನ್ಯಾಗ ಯಾರೂ ಬಗ್ಗಿ ಕುಡಿಯಂಗಿಲ್ಲ. ತುಟಿ ಹಚ್ಚಿ ಕುಡೀರಿ" ಎಂದ.

ತುಟಿ ಹಚ್ಚಿ ಕುಡಿದು ತಲೆ ಎತ್ತಿದರೆ, ಕೇರಿಗೆ ಬರುವ ದಾರಿಯಲ್ಲಿ ಸುಂದರಬಾಯಿ ನಿಂತಿದ್ದರು. ನಾನು ಮರೆತ ಚೀಲವನ್ನು ಬಿಸಿಲಲ್ಲಿ ತಾವೇ ಹೊತ್ತು ತಂದಿದ್ದರು. ಎಲ್ಲವನ್ನೂ ನೋಡಿದ್ದರು. ಚೀಲವನ್ನು ಮೆಲ್ಲಗೆ ನೆಲದ ಮೇಲೆ ಇಟ್ಟು ಹೊರಟುಹೋದರು.

ಅನುಸೂಯಾಳನ್ನು ಉಳಿಸಿಕೊಂಡೆ. ಸೂಜಿಗೆ ಸೆಳವು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಹೆರಿಗೆಯಾಯಿತು. ಮಗು ಅಳಲಿಲ್ಲ. ಬೆನ್ನು ತಟ್ಟಿದೆ, ಬಾಯಿಗೆ ಬಾಯಿಟ್ಟು ಉಸಿರು ಊದಿದೆ. ಗಂಡುಮಗು, ತಲೆ ತುಂಬ ಕೂದಲು. ಎರಡು ವಾರ ಮೊದಲು ಆ ತೋಳಿಗೆ ಪಟ್ಟಿ ಸುತ್ತಿದ್ದರೆ, ಬೀದರಕ್ಕೆ ಸಾಗಿಸಿದ್ದರೆ ಅದು ಬದುಕುತ್ತಿತ್ತೇನೋ. ಬದುಕುತ್ತಿತ್ತು ಎಂದೇ ನನ್ನ ಎದೆ ಹೇಳುತ್ತದೆ.

ಸಂಜೆ ಶಿವರಾಜಪ್ಪನವರ ಮನೆಗೆ ಬಂದಾಗ ನನ್ನ ಪೆಟ್ಟಿಗೆ, ಹಾಸಿಗೆ ಬೀದಿಯಲ್ಲಿದ್ದವು. ಅಂಗಳ, ಪಡಸಾಲೆ ಎಲ್ಲ ಹಸಿ ಸೆಗಣಿಯಿಂದ ಸಾರಿಸಿತ್ತು. ಶಿವರಾಜಪ್ಪನವರು ಕಟ್ಟೆಯ ಮೇಲೆ ಇದ್ದರು. ಆವತ್ತೂ ಅವರ ಕಣ್ಣು ತೇವವಾಗಿತ್ತು. ಪೆಟ್ಟಿಗೆಗೆ ಕೈ ಹಾಕಿದೆ. ಒಳಗಿನಿಂದ ನೀಲಾ ಅಳುವುದು ಕೇಳಿಸಿತು. ಅದು ಅಳುವಲ್ಲ, ಬತ್ತಿದ ಮಗುವಿನ ಕುಂಯ್ಗುಟ್ಟುವಿಕೆ.

ಸುಂದರಬಾಯಿ ಹೊಸ್ತಿಲಿಗೆ ಬಂದರು. ಅತ್ತು ಅತ್ತು ಮುಖ ಊದಿತ್ತು. ನನ್ನನ್ನು ನೋಡದೆ, ಬಾಗಿಲ ಚೌಕಟ್ಟಿಗೆ ಹೇಳಿದಂತೆ, "ಅದರಾಗ ಏನೇನ ಹಾಕತಿದ್ದಿ?" ಎಂದರು. ಬೆಳಗಿನವರೆಗೆ ‘ನೀವು’ ಇದ್ದದ್ದು ಸಂಜೆಗೆ ‘ನೀ’ ಆಗಿತ್ತು.

ಹೇಳಬಾರದು ಅನ್ನಿಸಿತು. ಒಂದು ಗಳಿಗೆ ಖಂಡಿತ ಅನ್ನಿಸಿತು. ನನ್ನ ಕೈ ಬೇಡ, ಕೈಯೊಳಗಿನ ವಿದ್ಯೆ ಬೇಕು! ಒಳಗೆ ಮಗು ಮತ್ತೆ ಕುಂಯ್ಗುಟ್ಟಿತು.

"ಒಂದ ತಂಬಗಿ ಅಕ್ಕಿ ಗಂಜಿ ತಿಳಿ, ಮೂರ ಬೆರಳ ಚಿಟಿಕಿ ಉಪ್ಪ, ಸಣ್ಣ ಲಿಂಬಿಹಣ್ಣಿನಷ್ಟ ಬೆಲ್ಲ" ಎಂದೆ. "ಚಮಚ ಚಮಚ ಕುಡಸ್ರಿ. ಕಾರಿಕೊಂಡ್ರೂ ಬಿಡಬ್ಯಾಡ್ರಿ. ನಿಮ್ಮ ನಾಲಿಗಿಗಿ ಹಚ್ಚಿ ನೋಡ್ರಿ, ಕಣ್ಣೀರಿನಕಿಂತ ಉಪ್ಪ ಆಗಬಾರ್ದು."

ಅವರು ತುಟಿಯ ಮೇಲೆ ಹರಿದಿದ್ದ ತಮ್ಮ ಕಣ್ಣೀರನ್ನು ನಾಲಿಗೆಯಿಂದ ಮುಟ್ಟಿ ನೋಡಿ ಒಳಗೆ ಹೋದರು. ಮಗು ಕುಡಿಯುವ ಸಪ್ಪಳ ಕೇಳುವವರೆಗೆ ಬೀದಿಯಲ್ಲಿ ಪೆಟ್ಟಿಗೆಯ ಮೇಲೆ ಕೂತಿದ್ದು, ಆಮೇಲೆ ಕೇರಿಗೆ ಹೋದೆ. ಮಚ್ಛೇಂದ್ರನ ಮನೆಯ ಪಕ್ಕದಲ್ಲೇ ಬಿಡಾರ ಹೂಡಿದೆ.

ಊರಿನವರು ಕೂಡಿ ಅರ್ಜಿ ಬರೆದರು: ಶೇವಂತಾಬಾಯಿ ಎಂಬ ನರ್ಸನ್ನು ಭಾಲ್ಕಿಯಿಂದ ತೆಗೆಯಬೇಕು. ನಾನೂ ಅರ್ಜಿ ಬರೆಸಿದೆ: ನನ್ನನ್ನು ಔರಾದಕ್ಕೆ ಕಳಿಸಬೇಕು. ಐದು ತಿಂಗಳಿಗೆ ಇಬ್ಬರಿಗೂ ಒಂದೇ ಉತ್ತರ ಬಂತು. ಶೇವಂತಾಬಾಯಿ ಎಂಬ ಹೆಸರಿನ ನರ್ಸು ಭಾಲ್ಕಿಯಲ್ಲಿ ಇರುವುದಿಲ್ಲ. ಇಲ್ಲದವಳನ್ನು ತೆಗೆಯಲೂ ಆಗದು, ಕಳಿಸಲೂ ಆಗದು. ಹೀಗೆ ನನ್ನನ್ನು ಬೇಡವೆನ್ನುವ ಊರು, ಆ ಊರು ಬೇಡವೆನ್ನುವ ನಾನು ಒಂದೇ ಗೀಟಿಗೆ ಕಟ್ಟಿಹಾಕಿಸಿಕೊಂಡು ಉಳಿದೆವು. ಕೇರಿಯ ಒಬ್ಬ ಬಸುರಿಯೂ ಆಮೇಲೆ ನನ್ನ ಕಣ್ಣು ತಪ್ಪಲಿಲ್ಲ, ಅದಷ್ಟೇ ನನಗೆ ಸಮಾಧಾನ. ಊರೊಳಗೆ ಮತ್ತೆ ಸೂಜಿ ಮತ್ತು ಹಿತ್ತಲ ಬಾಗಿಲು.

ಮರುವರ್ಷದ ಬೇಸಿಗೆ. ಊರೊಳಗಿನ ಒಂದು ಮನೆಯಿಂದ ಮಗುವಿನ ಜ್ವರಕ್ಕೆ ಸೂಜಿ ಮಾಡಲು ಕರೆ ಬಂತು. ಹೋಗಿ ನೋಡಿದರೆ ಭೇದಿಯೂ ಇತ್ತು, ಆದರೆ ಮಗುವಿನ ಕಣ್ಣಲ್ಲಿ ಕಳೆ ಇತ್ತು, ನಾಲಿಗೆ ಹಸಿಯಾಗಿತ್ತು. ಚೊಚ್ಚಿಲ ತಾಯಿ, ಇನ್ನೂ ಹುಡುಗಿ. ಅವಳ ಕೈಯಲ್ಲಿ ಲೋಟ, ಚಮಚ.

"ಅದೇನ ಕುಡಸ್ಲಿಕತ್ತಿ ತಂಗೀ?" ಎಂದೆ.

"ಸುಂದರಬಾಯಿ ಗಂಜಿ" ಎಂದಳು ಹೆಮ್ಮೆಯಿಂದ. "ನಿನಗ ಗೊತ್ತಿರಲಿಕ್ಕಿಲ್ಲ ಬಾಯಿ. ನಮ್ಮ ಓಣ್ಯಾಗ ಎಲ್ಲಾ ಮನ್ಯಾಗೂ ಇದೇ ಮಾಡ್ತಾರ."

"ಉಪ್ಪ ಎಷ್ಟ ಹಾಕ್ತಿ?"

"ಕಣ್ಣೀರಿನಕಿಂತ ಹೆಚ್ಚ ಆಗಬಾರ್ದಂತ. ಸುಂದರಬಾಯಿ ಹೇಳ್ಯಾರ."

"ಸರಿ ಅದ" ಎಂದೆ. ಸೂಜಿ ಮಾಡಿ, ಮಗು ಲೋಟ ಮುಗಿಸುವವರೆಗೆ ಹಿತ್ತಲಲ್ಲಿ ಕೂತು ನೋಡಿದೆ. ಎದೆಯಲ್ಲಿ ಸಂತೋಷವೂ ಉರಿಯೂ ಒಟ್ಟಿಗೇ ಇದ್ದವು. ಆಮೇಲೆ ಎದ್ದು ಡಬ್ಬಿ ಮುಚ್ಚಿ ಹೊರಟೆ. ಓಣಿ ತಿರುಗುವ ಮೊದಲೇ ಹಿಂದಿನಿಂದ, ನಾನು ಕೂತಿದ್ದ ಜಾಗಕ್ಕೆ ಸೆಗಣಿ ಸಾರಿಸುವ ಸಪ್ಪಳ ಕೇಳಿಸಿತು.